ಚೆಲುವಾದ ಕಲ್ಲಿಗೆ ಒಡೆಯನಾರು?

ವಸ್ತುಗಳ ಒಡೆತನವನ್ನು ಕುರಿತು ಲೋಕದಲ್ಲಿ ಬಹಳ ಜಗಳವುಂಟು; ಚೆಲುವಿನ ಒಡೆತನವನ್ನು ಕುರಿತು ವಿಚಾರ ಮಾಡಿದವರು ಕಡಮೆ. ಹೊಲಕ್ಕೆ ಒಡೆಯನುಂಟು, ಆ ಹೊಲದ ಮೇಲೆ ಸಂಜೆಯ ವೇಳೆ ಹಬ್ಬುವ ಹೊಂಬಿಸಿಲಿಗೆ ಒಡೆಯನಿಲ್ಲ. ಹಸುವನ್ನು ಕೊಂಡವನಿಗೆ ಹಾಲಿನ ಹಕ್ಕು ಸಲ್ಲುತ್ತದೆ; ಕರುವು ಬಾಲವೆತ್ತಿ ಓಡುವ ಅಂದವನ್ನು ಬೀದಿಯಲ್ಲಿ ಹೋಗುವವರೆಲ್ಲರೂ ಕಂಡು ಸಂತೋಷಪಡಬಹುದು. ಇಷ್ಟರಮಟ್ಟಿಗೆ ವಿಷಯವು ಸುಲಭವಾದುದೇ. ಆದರೆ ಚೆಲುವಿನ ಹೊರತು ಬೇರೆ ಪ್ರಯೋಜನವಿಲ್ಲದ ಒಂದು ವಸ್ತುವನ್ನು ಒಬ್ಬನು ಹಣ ಕೊಟ್ಟು ಕೊಂಡು, ತನ್ನ ಮನೆಯ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದನೆಂದರೆ, ಅವನು ಕೊಂಡದ್ದು ಏನನ್ನು? ಕಲ್ಲನ್ನೋ, ಚೆಲುವನ್ನೋ? ಚೆಲುವನ್ನು ಕೊಂಡನೆನ್ನುವುದಾದರೆ ಮಾರಿದವನಿಗೆ ಅದು ಯಾರಿಂದ ಬಂದಿತು? ಈ ಪ್ರಶ್ನೆಯು ಮೇಲುನೋಟಕ್ಕೆ ಕಾಣುವಷ್ಟು ಹಗುರವಾದುದಲ್ಲ. ಒಡೆತನದ ಧರ್ಮವೇನೆಂಬುದರ ಒಂದು ಅಂಶ ಇದರಲ್ಲಿ ಅಡಗಿದೆ.

ಇದನ್ನು ವಿಚಾರಿಸುವುದಕ್ಕೆ ನವರತ್ನಗಳು ತಕ್ಕ ಉದಾಹರಣೆಯಾಗಲಾರವು. ವಜ್ರದ ಬೆಲೆಯಲ್ಲಿ ಅದರ ಕಾಠಿಣ್ಯವೂ ಸೇರಿದೆ, ಅರಸರ ಕಿರೀಟದ ಹೆಮ್ಮೆಯೂ ಸೇರಿದೆ, ಶುಭಾಶುಭಗಳ ನಂಬಿಕೆಯೂ ಸೇರಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ರತ್ನಪರೀಕ್ಷೆಯ ಅಧ್ಯಾಯಗಳೇ ಇವೆ. ಅಲ್ಲಿ ರತ್ನವು ಧರಿಸಿದವನ ಭಾಗ್ಯಕ್ಕೆ ಕಾರಣವೆಂದು ಎಣಿಸಲ್ಪಟ್ಟಿದೆ. ಇಷ್ಟೆಲ್ಲ ಬೆರೆತಿರುವಲ್ಲಿ ಚೆಲುವಿನ ಪಾಲೆಷ್ಟೆಂಬುದನ್ನು ಬೇರ್ಪಡಿಸುವುದು ಕಷ್ಟ. ಆದಕಾರಣ, ರತ್ನಗಳ ಪಂಕ್ತಿಗೆ ಸೇರದೆ, ಆದರೂ ಕೇವಲ ಅಂದಕ್ಕಾಗಿಯೇ ಜನರು ಹುಡುಕಿ ಕೂಡಿಡುವ ಒಂದು ಕಲ್ಲನ್ನು ಆರಿಸಿಕೊಳ್ಳುವುದು ಉಚಿತ. ಫ್ಲೋರೈಟು ಎಂಬ ಖನಿಜವು ಅಂತಹುದು.

ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಮ್ಮೂ ಫ್ಲೋರಿನ್ ಎಂಬ ಅನಿಲವೂ ಕೂಡಿ ಆದ ಕಲ್ಲು ಇದು. ಬಿಡುವಾದ ಪೊಟರೆಯಲ್ಲಿ ಬೆಳೆದರೆ ಸಾಮಾನ್ಯವಾಗಿ ಪಗಡೆಯ ದಾಳದಂತೆ ಆರು ಸಮಮುಖಗಳುಳ್ಳ ಹರಳಾಗುತ್ತದೆ. ಒಡೆದರೆ ಮಾತ್ರ ಓರೆಯಾಗಿ ಸೀಳಿ, ಕೊನೆಗೆ ಎಂಟು ಮುಖದ ಆಕೃತಿಯಾಗಿ ನಿಲ್ಲುತ್ತದೆ. ಊದಾ, ಹಸಿರು, ಹಳದಿ, ನೀಲಿ, ನಿರ್ವರ್ಣ ಎಂದು ಇದಕ್ಕೆ ಬಣ್ಣಗಳು ಅನೇಕ. ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ಪಂಡಿತನು ೧೮೧೨ರಲ್ಲಿ ಏರ್ಪಡಿಸಿದ ಕಾಠಿಣ್ಯದ ಹತ್ತು ಮೆಟ್ಟಿಲುಗಳಲ್ಲಿ ಇದರದು ೪ನೆಯದು. ಚೂರಿಯ ಮೊನೆಯಿಂದ ಗೀರಬಹುದು. ಉಂಗುರದಲ್ಲಿ ಕೂಡಿಸಿ ದಿನವೂ ಧರಿಸಿದರೆ ಸವೆದುಹೋಗುತ್ತದೆ; ಒಂದು ಪೆಟ್ಟು ತಗುಲಿದರೆ ಸೀಳಿಬಿಡುತ್ತದೆ. ಆದುದರಿಂದ ಅಕ್ಕಸಾಲಿಗನಿಗೆ ಇದು ಬೇಡ. ಕುಲುಮೆಯವನಿಗೆ ಬೇಕು, ಏಕೆಂದರೆ ಅದಿರಿನೊಡನೆ ಬೆರಸಿದರೆ ಕಿಟ್ಟವು ಬೇಗನೆ ಕರಗಿ ನೀರಾಗಿ ಹರಿಯುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಹರಿಯುವುದೆಂಬ ಅರ್ಥದ ಧಾತುವಿನಿಂದಲೇ ಇದಕ್ಕೆ ಹೆಸರು ಬಂದಿತು; ಗಣಿಶಾಸ್ತ್ರದ ಆದ್ಯರಲ್ಲೊಬ್ಬನಾದ ಅಗ್ರಿಕೋಲನು ೧೫೩೦ರ ತನ್ನ ಗ್ರಂಥದಲ್ಲಿ ಇಂತಹ ಕಲ್ಲುಗಳ ವಿಷಯವನ್ನು ಹೇಳಿದ್ದಾನೆ. ಹೀಗೆ ಇದರ ಹೆಸರು ಉಪಯೋಗದಿಂದ ಬಂದುದು. ಇದರ ಕೀರ್ತಿಯು ಅಂದದಿಂದ ಬಂದುದು. ಕುಲುಮೆಗೆ ಹಾಕುವವನಿಗೆ ಅಂದ ಬೇಕಿಲ್ಲ. ಬೀರುವಿನಲ್ಲಿ ಇಡುವವನಿಗೆ ಉಪಯೋಗ ಬೇಕಿಲ್ಲ.

ಈ ಕಲ್ಲಿನ ಹೆಸರಾಂತ ಆಕರಗಳಲ್ಲಿ ಇಂಗ್ಲೆಂಡಿನ ಉತ್ತರಭಾಗದ ಡರ್ಹಮ್ ಪ್ರಾಂತದ ವಿಯರ್‌ಡೇಲ್ ಕಣಿವೆಯೊಂದು. ವಿಯರ್ ನದಿಯ ಮೇಲ್ಕಣಿವೆ, ಮರಗಳು ವಿರಳವಾದ ಬೋಳುಗುಡ್ಡಗಳು, ಚಳಿಗಾಳಿ, ಕುರಿಗಳು ಮೇಯುವ ಇಳಿಜಾರು. ಈ ಗುಡ್ಡಗಳ ಆಳದಲ್ಲಿ ಕಣಶಿಲೆಯ ದೊಡ್ಡ ಗಡ್ಡೆಯೊಂದು ಇದೆಯೆಂದು ಭೂಶಾಸ್ತ್ರಜ್ಞರು ಊಹಿಸಿದ್ದರು. ರೂಕ್‌ಹೋಪ್ ಎಂಬಲ್ಲಿ ೧೯೬೦-೬೧ರಲ್ಲಿ ಕೊರೆದ ಬಾವಿಯಿಂದ ಅದು ಸಿದ್ಧವಾಯಿತು. ಸುಮಾರು ೨೯ ಕೋಟಿ ವರ್ಷಗಳ ಹಿಂದೆ ಬಿಸಿಯಾದ ಲವಣಜಲವು ಸುಣ್ಣಕಲ್ಲಿನ ಪದರಗಳ ಬಿರುಕುಗಳಲ್ಲಿ ಮೇಲೇರಿ, ತಣ್ಣಗಾಗುತ್ತ ಸೀಸದ ಅದಿರನ್ನೂ ಫ್ಲೋರೈಟನ್ನೂ ಅಲ್ಲಲ್ಲಿ ಇಳಿಸಿ ಹೋಯಿತು. ಬಿರುಕು ಅಗಲವಾಗಿ ಪೊಟರೆಯಾದಲ್ಲಿ ಹರಳುಗಳು ತಮ್ಮ ಪೂರ್ಣರೂಪದಲ್ಲಿ ಬೆಳೆದವು. ಒಂದು ಘನದೊಳಗಿಂದ ಇನ್ನೊಂದು ಘನದ ಮೂಲೆಗಳು ಚುಚ್ಚಿಕೊಂಡು ಬಂದಂತಿರುವ ಅವಳಿಹರಳುಗಳು ಈ ಕಣಿವೆಯ ವಿಶೇಷ. ಇಲ್ಲಿನ ಕೆಲವು ಹಸಿರು ಹರಳುಗಳನ್ನು ದೀಪದ ಬೆಳಕಿನಲ್ಲಿ ನೋಡಿದರೆ ಹಸಿರು; ಹೊರಗೆ ಹಗಲಿನಲ್ಲಿ ಹಿಡಿದರೆ ಅವುಗಳ ಒಡಲಿನಿಂದ ನೀಲಿಯ ಕಾಂತಿಯೊಂದು ಎದ್ದು ಬರುತ್ತದೆ. ಕಣ್ಣಿಗೆ ಕಾಣದ ಕಿರಣವನ್ನು ಹೀರಿ ಕಾಣುವ ಬೆಳಕನ್ನಾಗಿ ಬಿಡುವ ಈ ಗುಣಕ್ಕೆ ಸ್ಟೋಕ್ಸ್ ಎಂಬ ವಿಜ್ಞಾನಿಯು ೧೮೫೨ರಲ್ಲಿ ಫ್ಲೋರೆಸೆನ್ಸ್ ಎಂದು ಈ ಕಲ್ಲಿನ ಹೆಸರನ್ನೇ ಇಟ್ಟನು.

ಆದರೆ ಈ ಕಣಿವೆಯ ಜನರು ಭೂಮಿಯನ್ನು ಅಗೆದದ್ದು ಈ ಹರಳುಗಳಿಗಾಗಿ ಅಲ್ಲ, ಸೀಸಕ್ಕಾಗಿ. ಗಣಿಯ ಹಕ್ಕು ಡರ್ಹಮಿನ ಬಿಷಪ್ಪನದು. ಅದನ್ನು ಗುತ್ತಿಗೆ ಹಿಡಿದವರು ಬ್ಲಾಕೆಟ್ ಮತ್ತು ಬೋಮಾಂಟ್ ಮನೆತನದವರು. ಅಗೆದವರು ಕಣಿವೆಯ ಬಡ ಒಕ್ಕಲುಗಳು. ನಾಲ್ಕಾರು ಮಂದಿ ಪಾಲುಗಾರರಾಗಿ ಕೂಡಿ, ಮೂರು ಮೂರು ತಿಂಗಳಿಗೊಮ್ಮೆ ಕಂಪನಿಯ ಮುಖ್ತಾರನೊಡನೆ, ಇಷ್ಟು ತೂಕದ ಅದಿರಿಗೆ ಇಷ್ಟು ಹಣವೆಂದು ಕರಾರು ಮಾಡಿಕೊಳ್ಳುತ್ತಿದ್ದರು. ಅದಿರಿನ ಎಳೆ ದಪ್ಪವಾಗಿ ಸಿಕ್ಕಿದರೆ ಅದೃಷ್ಟ, ಸಿಕ್ಕದಿದ್ದರೆ ಸಾಲ. ಮನೆಯಿಂದ ದೂರದ ಗಣಿಗಳಲ್ಲಿ ವಾರವೆಲ್ಲ ಕೆಲಸ ಮಾಡುವವರು, ಅಲ್ಲಿಯೇ ಕಟ್ಟಿದ ಇಕ್ಕಟ್ಟಾದ ತಂಗುಮನೆಗಳಲ್ಲಿ ಒಂದೊಂದು ಮಂಚಕ್ಕೆ ಹಲವರಂತೆ ಮಲಗಿ, ಶನಿವಾರ ಊರಿಗೆ ಮರಳುತ್ತಿದ್ದರು. ಹುಡುಗರು ಬಯಲಿನಲ್ಲಿ ತಣ್ಣೀರಿನ ದೋಣಿಗಳ ಬಳಿ ನಿಂತು ಅದಿರನ್ನು ತೊಳೆದು ಬೇರ್ಪಡಿಸುತ್ತಿದ್ದರು. ಕಲ್ಲಿನ ಧೂಳು, ಸಿಡಿಮದ್ದಿನ ಹೊಗೆ, ಗಾಳಿಯಾಡದ ಸುರಂಗ ಇವುಗಳಿಂದ ಗಣಿಗಾರರ ಶ್ವಾಸಕೋಶಗಳು ಹೇಗೆ ಕೆಡುತ್ತಿದ್ದವೆಂಬುದನ್ನು ವಿಚಾರಿಸುವುದಕ್ಕಾಗಿಯೇ ಬ್ರಿಟಿಷ್ ಸರಕಾರವು ಒಂದು ಆಯೋಗವನ್ನು ನೇಮಿಸಬೇಕಾಯಿತು; ಅದರ ವರದಿಯು ೧೮೬೪ರಲ್ಲಿ ಹೊರಬಂದಿತು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಆ ಕಾಲದಲ್ಲಿ ಕೂಲಿಯು ಸೀಸದ ಅದಿರಿಗೆ ಮಾತ್ರ ದೊರೆಯುತ್ತಿತ್ತು. ಫ್ಲೋರೈಟು ಕಸ, ಅದನ್ನು ಹಳೆಯ ಸುರಂಗಗಳಿಗೆ ತುಂಬುತ್ತಿದ್ದರು, ಇಲ್ಲವೆ ಬಾಯಿಯ ಹೊರಗೆ ಸುರಿಯುತ್ತಿದ್ದರು. ಹೀಗಿರಲು ಗಣಿಗಾರನೊಬ್ಬನು ಹರಳುಗಳ ಪೊಟರೆಯನ್ನು ಕಂಡು, ಸುತ್ತಿಗೆಯನ್ನು ಕೆಳಗಿಟ್ಟು, ಮೇಣದ ಬತ್ತಿಯನ್ನು ಹತ್ತಿರ ಹಿಡಿದು ನೋಡಿದನೆಂದರೆ, ಹಾಗೆ ನೋಡಿದ ಕಾಲವು ಅವನ ಕೂಲಿಯಲ್ಲಿ ನಷ್ಟವೇ. ಆ ಹರಳನ್ನು ಪೆಟ್ಟು ಬೀಳದಂತೆ ಬಿಡಿಸಿದ ಶ್ರಮಕ್ಕೂ ಅವನಿಗೆ ಕಾಸಿಲ್ಲ. ಆದರೂ ಅವರು ನೋಡಿದರು, ಬಿಡಿಸಿದರು, ಮನೆಗೆ ತಂದರು. ಅಂತಹ ತುಂಡುಗಳಿಗೆ ಅವರ ಆಡುಮಾತಿನಲ್ಲಿ ‘ಬಾನಿ ಬಿಟ್ಸ್’ ಎಂದು ಹೆಸರು. ಅಂದವಾದ ಚೂರುಗಳು ಎಂದು ಅದರ ಅರ್ಥ. ಕೆಲವನ್ನು ಮಾರಿ ನಾಲ್ಕು ಕಾಸು ಮಾಡಿಕೊಂಡದ್ದೂ ಉಂಟು. ಅದು ಬಡವನಿಗೆ ದೋಷವಲ್ಲ. ಆದರೆ ಮಾರದೆ ಉಳಿಸಿಕೊಂಡ ಹರಳುಗಳಿಂದ ಅವರು ಮಾಡಿದ ಕೆಲಸವು ಇನ್ನೂ ಆಶ್ಚರ್ಯಕರವಾದುದು. ಮರದ ಪೆಟ್ಟಿಗೆಯೊಂದನ್ನು ಮಾಡಿ, ಮುಂಭಾಗಕ್ಕೆ ಗಾಜು ಹಾಕಿ, ಒಳಗೆ ಫ್ಲೋರೈಟು, ಬೆಣಚು, ಸೀಸದದಿರು ಇವುಗಳ ಹರಳುಗಳನ್ನು ಗುಹೆಯಂತೆಯೋ ಬೀದಿಯಂತೆಯೋ ಜೋಡಿಸಿ, ಕನ್ನಡಿಗಳನ್ನಿಟ್ಟು, ದೀಪ ಹಚ್ಚಿ ತೋರಿಸುತ್ತಿದ್ದರು. ಇವುಗಳಿಗೆ ‘ಸ್ಪಾರ್ ಪೆಟ್ಟಿಗೆ’ಗಳೆಂದು ಹೆಸರು. ಊರಿನ ಪ್ರದರ್ಶನಗಳಲ್ಲಿ ಇವುಗಳನ್ನು ಪಂದ್ಯಕ್ಕೆ ಇಡುತ್ತಿದ್ದುದೂ ಉಂಟು. ಮುಂದೆ ಕಿಲ್‌ಹೋಪ್ ಎಂಬ ಹಳೆಯ ಗಣಿಯ ಸ್ಥಳದಲ್ಲಿ ಏರ್ಪಟ್ಟ ವಸ್ತುಸಂಗ್ರಹಾಲಯದಲ್ಲಿ ಇಂತಹ ಪೆಟ್ಟಿಗೆಗಳನ್ನು ಕಲೆಹಾಕಿದರು.

ಹೊಟ್ಟೆ ತುಂಬಿದವನಿಗೆ ಮಾತ್ರ ಸೌಂದರ್ಯವು ಕಾಣುತ್ತದೆ, ದುಡಿಯುವವನಿಗೆ ಅದರ ಗೊಡವೆಯಿಲ್ಲ ಎಂದು ಹೇಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಮಾತಿಗೆ ಈ ಪೆಟ್ಟಿಗೆಗಳೇ ಉತ್ತರ. ಆ ಚೆಲುವನ್ನು ಮೊದಲು ಕಂಡವನು ವಿದ್ವಾಂಸನೂ ಅಲ್ಲ, ಶ್ರೀಮಂತನೂ ಅಲ್ಲ. ಮೊಣಕಾಲೂರಿ ಕುಳಿತ ಕೂಲಿಗಾರ. ೨೯ ಕೋಟಿ ವರ್ಷ ಕತ್ತಲೆಯಲ್ಲಿದ್ದ ಹರಳಿನ ಮೇಲೆ ಬಿದ್ದ ಮೊದಲನೆಯ ಬೆಳಕು ಅವನ ಬತ್ತಿಯದು. ಆಲಂಕಾರಿಕರು ಯಾರನ್ನು ಸಹೃದಯನೆಂದು ಕರೆದರೋ ಆ ಪದವಿಗೆ ಅವನೇ ಮೊದಲನೆಯ ಹಕ್ಕುದಾರ. ಪಾರಿತೋಷಕವಿಲ್ಲದೆ, ನಷ್ಟವನ್ನು ಸಹಿಸಿ, ನೋಡುವುದಕ್ಕಾಗಿಯೇ ನೋಡಿದವನು ಅವನು.

ಮುಂದೆ ಕಾಲ ತಿರುಗಿತು. ಹೊರದೇಶಗಳ ಸೀಸವು ಅಗ್ಗವಾಗಿ ಬಂದು, ೧೮೮೦ರ ದಶಕದ ಆರಂಭದಲ್ಲಿ ಬೆಲೆಯು ಕುಸಿದು, ಬೋಮಾಂಟ್ ಕಂಪನಿಯು ಈ ಕಣಿವೆಯನ್ನು ಬಿಟ್ಟಿತು. ಅನೇಕ ಕುಟುಂಬಗಳು ಊರು ತೊರೆದವು. ಕಿಲ್‌ಹೋಪಿನ ಗಣಿಯು ೧೯೧೦ರಲ್ಲಿ ನಿಂತಿತು. ಅದೇ ಕಾಲಕ್ಕೆ ಉಕ್ಕನ್ನು ತಯಾರಿಸುವ ಹೊಸ ವಿಧಾನಗಳಲ್ಲಿ ಕಿಟ್ಟವನ್ನು ಹರಿಯಿಸುವುದಕ್ಕೆ ಫ್ಲೋರೈಟು ಬೇಕಾಯಿತು. ನಿನ್ನೆಯ ಕಸವು ಇಂದಿನ ಸರಕಾಯಿತು. ಅಜ್ಜಂದಿರು ಹಳೆಯ ಸುರಂಗಗಳಲ್ಲಿ ತುಂಬಿಟ್ಟಿದ್ದುದನ್ನು ಮೊಮ್ಮಕ್ಕಳು ಹೊರಕ್ಕೆ ತೆಗೆದರು. ಹರಳು ಅಂದವಾಗಿದೆಯೋ ಇಲ್ಲವೋ ಎಂದು ಕುಲುಮೆಯು ಕೇಳುವುದಿಲ್ಲ. ಪೊಟರೆಗಳು ತುಂಬಿದ ಎಷ್ಟೋ ಬಂಡೆಗಳು ಪುಡಿಯಾಗಿ, ಕರಗಿ, ಕಿಟ್ಟದೊಡನೆ ಹರಿದುಹೋದವು.

ಇಂತಹ ಸಂದರ್ಭದಲ್ಲಿ ಸಂಗ್ರಹಕಾರನು ತನ್ನ ಪಕ್ಷವನ್ನು ಮುಂದಿಡುತ್ತಾನೆ. ಆ ಪಕ್ಷವು ದುರ್ಬಲವಾದುದಲ್ಲ. “ಹಣ ಕೊಟ್ಟು ಕೊಳ್ಳುವವನೊಬ್ಬನು ಇಲ್ಲದಿದ್ದರೆ ಈ ಹರಳು ಇಂದು ಇರುತ್ತಿರಲಿಲ್ಲ. ಇದನ್ನು ಬದುಕಿಸಿದ್ದೇ ನನ್ನ ಆಸೆ. ಹಾಗಿರುವಾಗ ಇದು ನನ್ನದೆಂದರೆ ತಪ್ಪೇನು?” ಎಂಬುದು ಅವನ ವಾದ. ನಿದರ್ಶನಕ್ಕೆ ಸರ್ ಆರ್ಥರ್ ರಸ್ಸೆಲನನ್ನು ತೆಗೆದುಕೊಳ್ಳಬಹುದು. ೧೮೭೮ರಲ್ಲಿ ಹುಟ್ಟಿ ೧೯೬೪ರಲ್ಲಿ ತೀರಿಕೊಂಡ ಈ ಮಹನೀಯನು ತಾನೇ ಬ್ರಿಟನ್ನಿನ ಗಣಿಗಳಿಗೆ ಇಳಿದು, ಬಾಳಿನುದ್ದಕ್ಕೂ ಸುಮಾರು ೧೨,೦೦೦ ಖನಿಜಗಳನ್ನು ಕೂಡಿಸಿದನು. ರೂಕ್‌ಹೋಪಿನ ಬೋಲ್ಟ್ಸ್‌ಬರ್ನ್ ಗಣಿಯು ಊದಾ ಬಣ್ಣದ ದೊಡ್ಡ ಹರಳುಗಳಿಗೆ ಹೆಸರಾಗಿತ್ತು. ಅದು ೧೯೩೨ರಲ್ಲಿ ಮುಚ್ಚಿತು. ಅಲ್ಲಿನ ಹರಳುಗಳೂ ಅವನ ಸಂಗ್ರಹದಲ್ಲಿ ಉಳಿದುವು. ಪ್ರತಿಯೊಂದಕ್ಕೂ ಎಲ್ಲಿ ದೊರೆತುದೆಂಬ ಚೀಟಿಯನ್ನು ಎಚ್ಚರಿಕೆಯಿಂದ ಬರೆದಿಟ್ಟನು. ಮರಣಾನಂತರ ಎಲ್ಲವೂ ಲಂಡನ್ನಿನ ಪ್ರಕೃತಿವಿಜ್ಞಾನದ ಸಂಗ್ರಹಾಲಯಕ್ಕೆ ಸೇರುವಂತೆ ಮಾಡಿದನು. ಇಂತಹವನನ್ನು ಕುರಿತು ಲೋಭಿಯೆನ್ನುವುದು ಅನ್ಯಾಯವಾದೀತು. ಆದುದರಿಂದ ಸಂಗ್ರಹವೇ ಪಾಪವೆಂಬ ವಾದವು ನಿಲ್ಲುವುದಿಲ್ಲ.

ಆದರೆ ಉಳಿಸಿದವನಿಗೆ ಪೂರ್ಣವಾದ ಒಡೆತನವು ಬರುವುದೆಂಬ ವಾದವೂ ನಿಲ್ಲುವುದಿಲ್ಲ. ಹೊಳೆಯಲ್ಲಿ ಕೊಚ್ಚಿಕೊಂಡು ಹೋಗುತ್ತಿದ್ದ ಮಗುವನ್ನು ದಡಕ್ಕೆ ತಂದವನಿಗೆ ಪುಣ್ಯವು ಬರುತ್ತದೆ, ಮಗುವು ಅವನದಾಗುವುದಿಲ್ಲ. ಹಾಗಾದರೆ ಇಲ್ಲಿ ಮತ್ತಾರ ಹಕ್ಕುಂಟು? ಗಣಿಗಾರನದುಂಟೆ? ಇದಕ್ಕೆ ಪ್ರತಿಯಾಗಿ, “ಗಣಿಗಾರನಿಗೆ ಕೂಲಿ ಸಂದಿದೆ. ಕೂಲಿ ತೆಗೆದುಕೊಂಡ ಮೇಲೆ ಅವನಿಗೂ ಕಲ್ಲಿಗೂ ಸಂಬಂಧವೇನು?” ಎಂದು ಕೇಳುವವರುಂಟು. ಈ ಮಾತು ಕೇಳುವುದಕ್ಕೆ ಲೌಕಿಕವಾಗಿದೆ. ಆದರೆ ಲೌಕಿಕದಲ್ಲಿ ಯಾರಿಗೂ ಕಡಮೆಯಲ್ಲದ ಕೌಟಿಲ್ಯನು ಇದನ್ನು ಒಪ್ಪಲಿಲ್ಲವೆಂಬುದು ಗಮನಾರ್ಹ.

ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ೧೯೦೫ರಲ್ಲಿ ಪಂಡಿತ ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, ೧೯೦೯ರಲ್ಲಿ ಅವರಿಂದಲೇ ಅಚ್ಚಾಗಿ ಲೋಕಕ್ಕೆ ತಿಳಿದ ಅರ್ಥಶಾಸ್ತ್ರದಲ್ಲಿ ಆಕರಾಧ್ಯಕ್ಷನ ಕರ್ತವ್ಯಗಳನ್ನು ವಿವರವಾಗಿ ಹೇಳಿದೆ. ಗಣಿಯ ವಸ್ತುಗಳನ್ನು ಕದ್ದವನಿಗೆ ದಂಡವನ್ನೂ ಹೇಳಿದೆ. ಕೌಟಿಲ್ಯನಿಗೆ ಬೊಕ್ಕಸವು ತುಂಬಬೇಕು, ಅದರಲ್ಲಿ ಸಂಶಯವಿಲ್ಲ. ಆದರೂ ಗಣಿಯನ್ನೋ ರತ್ನವನ್ನೋ ನಿಧಿಯನ್ನೋ ಕಂಡು ತಿಳಿಸಿದವನಿಗೆ ಆರರಲ್ಲೊಂದು ಪಾಲು ಸಲ್ಲಬೇಕೆಂದೂ, ತಿಳಿಸಿದವನು ಸಂಬಳದ ಆಳಾಗಿದ್ದರೆ ಹನ್ನೆರಡರಲ್ಲೊಂದು ಪಾಲು ಸಲ್ಲಬೇಕೆಂದೂ ಅವನು ವಿಧಿಸುತ್ತಾನೆ. ಸಂಬಳದ ಆಳೆಂಬ ಕಾರಣದಿಂದ ಪಾಲು ಅರ್ಧವಾಯಿತು, ಇಲ್ಲವಾಗಲಿಲ್ಲ. ಇದರ ತಾತ್ಪರ್ಯವು ಆಳವಾಗಿದೆ. ಕೂಲಿಯು ತೋಳಿನ ಶ್ರಮಕ್ಕೆ ಬೆಲೆ. ಕಾಣುವ ಕಣ್ಣಿಗೆ ಅದು ಬೆಲೆಯಲ್ಲ. ನೂರು ಮಂದಿ ಅಗೆಯುವಲ್ಲಿ ಒಬ್ಬನು ನಿಂತು ಕಂಡನೆಂದರೆ, ಆ ಕಾಣ್ಕೆಯು ಕರಾರಿಗೆ ಹೊರತಾದುದು. ಬೇರೆಯ ದೇಶ ಕಾಲಗಳ ಗಣಿಗೆ ಈ ಶಾಸ್ತ್ರವು ಕಾನೂನಾಗಲಾರದು, ನಿಜ. ಆದರೆ ಕೂಲಿಯಿಂದ ಎಲ್ಲ ಋಣವೂ ತೀರಿತೆಂಬ ಭಾವನೆಯು ಸಹಜವೂ ಅಲ್ಲ, ಸನಾತನವೂ ಅಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇದರಿಂದ ಇನ್ನೊಂದು ಧರ್ಮಸೂಕ್ಷ್ಮವು ಏಳುತ್ತದೆ. ಅಮೆರಿಕದ ಇಲಿನಾಯ್ ಸಂಸ್ಥಾನದ ದಕ್ಷಿಣದ ಅಂಚಿನಲ್ಲಿ, ಒಹಾಯೋ ನದಿಯ ದಡದಲ್ಲಿ, ರೋಸಿಕ್ಲೇರ್, ಕೇವ್-ಇನ್-ರಾಕ್ ಎಂಬ ಊರುಗಳ ಸುತ್ತಲೂ ದೊಡ್ಡ ಫ್ಲೋರೈಟು ಗಣಿಗಳಿದ್ದುವು. ಆ ದೇಶದ ಉಕ್ಕಿನ ಕುಲುಮೆಗಳಿಗೂ ರಾಸಾಯನಿಕ ಕಾರ್ಖಾನೆಗಳಿಗೂ ಬಹುಭಾಗ ಇಲ್ಲಿಂದಲೇ ಕಲ್ಲು ಹೋಗುತ್ತಿತ್ತು. ೧೯೬೫ರಲ್ಲಿ ಸಂಸ್ಥಾನವು ಫ್ಲೋರೈಟನ್ನು ತನ್ನ ಲಾಂಛನದ ಖನಿಜವಾಗಿ ಸ್ವೀಕರಿಸಿತು. ೧೯೯೫ರಲ್ಲಿ ಕೊನೆಯ ಗಣಿಯೂ ಮುಚ್ಚಿತು. ಈಗ ಬೀರುಗಳಲ್ಲಿರುವ ಅಲ್ಲಿನ ಹಳದಿ, ಊದಾ ಘನಗಳಲ್ಲಿ ಅನೇಕವು ಕೆಲಸಗಾರರ ಬುತ್ತಿಯ ಡಬ್ಬಿಯಲ್ಲಿ ಕುಳಿತು ಹೊರಗೆ ಬಂದುವೆಂಬುದು ಸಂಗ್ರಹಕಾರರಲ್ಲಿ ರೂಢಿಯ ಮಾತು. ಇದನ್ನು ಏನೆನ್ನಬೇಕು? ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಮೊದಲು ಋಣ, ಎರಡನೆಯದಾಗಿ ನಿಕ್ಷೇಪ, ಮೂರನೆಯದಾಗಿ ಒಡೆಯನಲ್ಲದವನು ಮಾಡುವ ಮಾರಾಟ ಎಂದು ಹೇಳುತ್ತದೆ. ಬುತ್ತಿಯ ಡಬ್ಬಿಯ ಹರಳು ಮೂರನೆಯ ಪದಕ್ಕೆ ಸೇರಿತೆಂದು ಕಾನೂನು ಬಲ್ಲವನು ಹೇಳಬಹುದು. ಗಣಿಯ ಒಡೆಯನಿಗೆ ಆದ ನಷ್ಟವು ಹಿಡಿ ಪುಡಿಯ ಬೆಲೆ. ಅವನು ಮಾಡಲಿದ್ದುದು ಅದನ್ನು ಅರೆದುಹಾಕುವ ಕೆಲಸ. ಉಳಿದುದು ಲೋಕಕ್ಕೆ ಒಂದು ಚೆಲುವು. ಹೀಗಿದ್ದರೂ ಹೇಳದೆ ತಂದುದು ಹೇಳದೆ ತಂದುದೇ. ಫಲವು ಒಳ್ಳೆಯದಾದ ಮಾತ್ರಕ್ಕೆ ಕ್ರಿಯೆಯು ಶುದ್ಧವಾಗದು. ಆದರೆ ದೋಷವನ್ನು ಹಂಚುವಾಗ ಡಬ್ಬಿಯನ್ನು ಹಿಡಿದವನೊಬ್ಬನ ತಲೆಗೇ ಅದನ್ನು ಕಟ್ಟಿ, ಅವನಿಂದ ಕಿರುಬೆಲೆಗೆ ಕೊಂಡು ಹಿರಿಬೆಲೆಗೆ ಮಾರಿದವನನ್ನು ಸಭ್ಯನೆಂದು ಕರೆಯುವುದು ನ್ಯಾಯವಲ್ಲ. ಒಡೆಯನಾದವನು ಆರರಲ್ಲೊಂದು ಬೇಡ, ಹನ್ನೆರಡರಲ್ಲೊಂದನ್ನಾದರೂ ಮೊದಲೇ ಒಪ್ಪಿಕೊಂಡಿದ್ದರೆ ಡಬ್ಬಿಯ ಮುಚ್ಚಳಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಇನ್ನು ಒಡೆತನದ ಹಿಡಿತವು ಅತಿಯಾದರೆ ಎಲ್ಲಿಗೆ ಮುಟ್ಟುವುದೆಂಬುದನ್ನು ನೋಡಬೇಕು. ಪ್ರಾಚೀನ ರೋಮಿನಲ್ಲಿ ‘ಮರ್ರೈನ್’ ಎಂಬ ಪಾತ್ರೆಗಳಿಗೆ ಅಪಾರವಾದ ಬೆಲೆಯಿತ್ತು. ಅವು ಫ್ಲೋರೈಟಿನಿಂದ ಕಡೆದವುಗಳೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಆ ಕಾಲದ ಅಂತಹ ಎರಡು ಬಟ್ಟಲುಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯಲ್ಲಿ ಒಂದು ಸಂಗತಿಯನ್ನು ಹೇಳುತ್ತಾನೆ. ಪೆಟ್ರೋನಿಯಸ್ ಎಂಬ ಶ್ರೀಮಂತನು ನೀರೋ ಚಕ್ರವರ್ತಿಯ ಹಗೆಗೆ ಗುರಿಯಾಗಿ ಸಾಯಬೇಕಾಗಿ ಬಂದಾಗ, ತಾನು ೩ ಲಕ್ಷ ಸೆಸ್ಟರ್ಸ್ ನಾಣ್ಯಗಳಿಗೆ ಕೊಂಡಿದ್ದ ಮರ್ರೈನ್ ಸೌಟನ್ನು, ಅದು ನೀರೋವಿನ ಊಟದ ಮೇಜಿಗೆ ಸೇರದಿರಲೆಂದು ಒಡೆದುಹಾಕಿದನಂತೆ. ದುಷ್ಟನ ಕೈಗೆ ಹೋಗಬಾರದೆಂಬ ಛಲವನ್ನು ಮೆಚ್ಚುವವರು ಮೆಚ್ಚಲಿ. ಆದರೆ ಆ ಪಾತ್ರೆಯು ಪೆಟ್ರೋನಿಯಸನದೂ ಅಲ್ಲ, ನೀರೋವಿನದೂ ಅಲ್ಲದ ಒಂದು ಅಂಶವನ್ನು ಒಳಗೊಂಡಿತ್ತು. ಅದನ್ನು ಅಗೆದವನ ಬೆವರು ಅದರಲ್ಲಿತ್ತು, ಕಡೆದವನ ಕೌಶಲವಿತ್ತು, ಮುಂದೆ ಹುಟ್ಟಿ ಅದನ್ನು ನೋಡಬೇಕಾಗಿದ್ದವರ ಪಾಲಿತ್ತು. ಇವೆಲ್ಲವೂ ಒಂದು ಪೆಟ್ಟಿಗೆ ನಾಶವಾದುವು. ನನ್ನದೆಂಬ ಮಾತಿನ ತುತ್ತತುದಿಯು ನಾಶಮಾಡುವ ಹಕ್ಕು; ಆ ತುದಿಯಲ್ಲಿ ನಿಂತು ನೋಡಿದಾಗ ಅದರ ಕೊರತೆಯು ಸ್ಪಷ್ಟವಾಗುತ್ತದೆ.

ಹಾಗಾದರೆ ಚೆಲುವಿಗೆ ಒಡೆಯನಾರು? ಭಟ್ಟನಾಯಕನು ಸೂಚಿಸಿ ಅಭಿನವಗುಪ್ತನು ವಿಸ್ತರಿಸಿದ ಸಾಧಾರಣೀಕರಣದ ತತ್ತ್ವವು ಇಲ್ಲಿ ಸಹಾಯಕ್ಕೆ ಬರುತ್ತದೆ. ರಂಗದ ಮೇಲಿನ ಶೋಕವನ್ನು ಪ್ರೇಕ್ಷಕನು ತನ್ನದೆಂದು ತಿಳಿದರೆ ಅಳುತ್ತಾನೆ. ಹಗೆಯದೆಂದು ತಿಳಿದರೆ ಹಿಗ್ಗುತ್ತಾನೆ. ಯಾರದೋ ಎಂದು ತಿಳಿದರೆ ಸುಮ್ಮನಿರುತ್ತಾನೆ. ಈ ಮೂರು ಬುದ್ಧಿಗಳೂ ಅಡಗಿದಾಗಲೇ ರಸಾಸ್ವಾದವು. ಈ ವಿಚಾರವು ಕಾವ್ಯನಾಟಕಗಳಿಗೆ ಸಂಬಂಧಪಟ್ಟುದಾದರೂ ಹರಳಿನ ಮುಂದೆ ನಿಂತವನಿಗೂ ಸಲ್ಲುತ್ತದೆ. ಹರಳಿನ ಒಳಗಣ ಬೆಳಕಿನಲ್ಲಿ ಕಣ್ಣು ನೆಟ್ಟಿರುವಷ್ಟು ಕಾಲ ಇದು ನನ್ನದು, ಇದರ ಬೆಲೆ ಇಷ್ಟು ಎಂಬ ಎಣಿಕೆಯು ಇರುವುದಿಲ್ಲ. ಎಣಿಕೆ ಎದ್ದೊಡನೆ ನೋಟವು ಕೆಡುತ್ತದೆ. ಆದುದರಿಂದ ಕಲ್ಲಿನ ಒಡೆಯನು ಚೆಲುವನ್ನು ಸವಿಯಬೇಕಾದರೆ ಒಂದು ಕ್ಷಣವಾದರೂ ಒಡೆತನವನ್ನು ಬಿಡಲೇಬೇಕು. ಆ ಕ್ಷಣದಲ್ಲಿ ಅವನಿಗೂ ಬತ್ತಿ ಹಿಡಿದಿದ್ದ ಗಣಿಗಾರನಿಗೂ ಭೇದವಿಲ್ಲ. ಬಿಟ್ಟು ಅನುಭವಿಸಬೇಕೆಂದು ಈಶೋಪನಿಷತ್ತು ಬೋಧಿಸುವುದನ್ನು ವಿರಕ್ತರಿಗೆ ಮಾತ್ರ ಹೇಳಿದುದೆಂದು ಭಾವಿಸುವವರುಂಟು. ಸಂಗ್ರಹದ ಬೀರುವಿನ ಮುಂದೆ ಅದು ಅನುಭವದಿಂದಲೇ ಸಿದ್ಧವಾಗುವ ಸಂಗತಿ.

ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಕಲ್ಲಿಗೆ ಒಡೆಯನಿರಬಹುದು, ಚೆಲುವಿಗೆ ಒಡೆಯನಿಲ್ಲ. ಚೆಲುವಾದ ಕಲ್ಲನ್ನು ಇಟ್ಟುಕೊಂಡವನು ಆ ಅಂಶದಲ್ಲಿ ನಿಕ್ಷೇಪವನ್ನು ಹಿಡಿದವನು, ಅಂದರೆ ಅನ್ಯರ ಇಡುಗಂಟನ್ನು ಕಾಯುವವನು. ಕಂಡು ಬಿಡಿಸಿಕೊಟ್ಟವನಿಗೆ ಸಂಬಂಧಿಸಿದಂತೆ ಋಣಿ. ಸ್ಮೃತಿಯ ಮೊದಲೆರಡು ವ್ಯವಹಾರಪದಗಳೂ ಅವನಿಗೆ ಒಟ್ಟಿಗೆ ಅನ್ವಯಿಸುತ್ತವೆ. ಇದರಿಂದ ಅವನಿಗೆ ಮೂರು ಕರ್ತವ್ಯಗಳು ಹುಟ್ಟುತ್ತವೆ. ಮೊದಲನೆಯದು ಕಾಪಾಡುವುದು: ಕೆಡದಂತೆ, ಒಡೆಯದಂತೆ, ತನ್ನ ಅನಂತರವೂ ಉಳಿಯುವಂತೆ. ಎರಡನೆಯದು ತೋರಿಸುವುದು: ಬೀಗದ ಕೈಯು ಕಳ್ಳನಿಗೆ ಅಡ್ಡಿಯಾಗಲಿ, ನೋಡಬಯಸಿದ ಹುಡುಗನಿಗೆ ಅಡ್ಡಿಯಾಗಬಾರದು. ಮೂರನೆಯದು ಹೆಸರು ಹೇಳುವುದು.

ಈ ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹರಳಿನೊಡನೆ ಒಂದು ಚಿಕ್ಕ ಚೀಟಿಯನ್ನಿಡುವುದು ಸಂಗ್ರಹಕಾರರ ಪದ್ಧತಿ. ಖನಿಜದ ಹೆಸರು, ಗಣಿಯ ಹೆಸರು, ಪ್ರಾಂತ, ಇದಕ್ಕೆ ಮೊದಲು ಯಾರ ಸಂಗ್ರಹದಲ್ಲಿತ್ತು ಎಂಬ ಪರಂಪರೆ, ಇಷ್ಟು ಅದರಲ್ಲಿರುತ್ತವೆ. ಚೀಟಿ ಕಳೆದುಹೋದ ಹರಳಿಗೆ ಬೆಲೆಯು ಇಳಿಯುತ್ತದೆ. ಗೋತ್ರವಿಲ್ಲದವನಂತೆ ಅದನ್ನು ಹಿಂದಕ್ಕೆ ತಳ್ಳುತ್ತಾರೆ. ಈ ಪದ್ಧತಿಯು ಒಳ್ಳೆಯದು. ಕಲ್ಲಿಗೂ ಊರಿಗೂ ಇರುವ ಸಂಬಂಧವನ್ನು ಅದು ಕಾಯುತ್ತದೆ. ಆದರೆ ಆ ಚೀಟಿಗಳಲ್ಲಿ ಕೊಂಡವರ ಹೆಸರುಗಳು ಸಾಲುಸಾಲಾಗಿ ಇರುತ್ತವೆ. ತೆಗೆದವನ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ದಾನಶಾಸನದಲ್ಲಿ ಕೊಟ್ಟ ಅರಸನ ಹೆಸರಿನೊಡನೆ ಬರೆದ ಕವಿಯ ಹೆಸರನ್ನೂ ಕಂಡರಿಸಿದ ಶಿಲ್ಪಿಯ ಹೆಸರನ್ನೂ ಕಡೆಯಲ್ಲಿ ಕೊರೆಯುತ್ತಿದ್ದ ಕನ್ನಡನಾಡಿನ ಪೂರ್ವಿಕರ ಪದ್ಧತಿಯನ್ನು ಬಲ್ಲವರಿಗೆ ಈ ಕೊರತೆಯು ಥಟ್ಟನೆ ಕಾಣುತ್ತದೆ. ಹೆಸರು ತಿಳಿಯದಿರಬಹುದು, ಆಗ, ಗಣಿಗಾರನೊಬ್ಬನು ತೆಗೆದುದು ಎಂಬ ಒಂದು ಸಾಲಾದರೂ ಚೀಟಿಯಲ್ಲಿರುವುದು ಯುಕ್ತ. ತೀರಿಸಲಾಗದ ಋಣವನ್ನು ಒಪ್ಪಿಕೊಳ್ಳುವುದೂ ಧರ್ಮದ ಒಂದು ಭಾಗವೇ.

ಕಾಲವು ಈ ಕಣಿವೆಯಲ್ಲಿ ಮತ್ತೊಂದು ಸುತ್ತು ತಿರುಗಿದೆ. ಫ್ಲೋರೈಟನ್ನು ಸರಕಿಗಾಗಿ ತೆಗೆಯುತ್ತಿದ್ದ ಫ್ರೇಜರ್ಸ್ ಗ್ರೋವ್ ಗಣಿಯು ೧೯೯೯ರಲ್ಲಿ ಮುಚ್ಚಿತು. ಅದೇ ವರ್ಷ ಫ್ರಾಸ್ಟರ್ಲಿಯ ಬಳಿಯ ರೋಜರ್ಲಿ ಎಂಬ ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿ, ಸಂಗ್ರಹಕ್ಕೆ ಯೋಗ್ಯವಾದ ಹಸಿರು ಹರಳುಗಳಿಗಾಗಿಯೇ ಬೇಸಗೆಯ ತಿಂಗಳುಗಳಲ್ಲಿ ಅಗೆಯುವ ಉದ್ಯಮವು ಮೊದಲಾಯಿತು. ಸೀಸಕ್ಕಾಗಿ ಅಗೆದಾಗ ಹರಳು ಕಸವಾಗಿತ್ತು. ಉಕ್ಕಿಗಾಗಿ ಅಗೆದಾಗ ಪುಡಿಯಾಯಿತು. ಈಗ ಅದಕ್ಕಾಗಿಯೇ ಅಗೆತ. ಇದರಲ್ಲಿ ಹಿತವೂ ಉಂಟು: ಬಿಡಿಸುವ ಕೈಯಲ್ಲಿ ಎಚ್ಚರವಿದೆ, ಪೊಟರೆಗೊಂದು ಹೆಸರಿಟ್ಟು ಲೆಕ್ಕ ಬರೆದಿಡುವ ಕ್ರಮವಿದೆ. ಅಪಾಯವೂ ಉಂಟು: ಚೆಲುವೇ ಸರಕಾದಾಗ, ಬೆಲೆ ಬಾರದ ಚೆಲುವಿಗೆ ಕಣ್ಣು ಕುರುಡಾಗಬಹುದು. ಕೆಸರಿನ ನಡುವೆ ಅಕಸ್ಮಾತ್ತಾಗಿ ಕಂಡು ಬೆರಗಾದವನ ನೋಟವೇ ಒಂದು. ಇಷ್ಟು ಹಣಕ್ಕೆ ಹೋದೀತೆಂದು ಅಳೆಯುವ ನೋಟವೇ ಒಂದು. ಮಾರುವವರೂ ಕೊಳ್ಳುವವರೂ ಮೊದಲನೆಯ ನೋಟವನ್ನು ಸಂಪೂರ್ಣವಾಗಿ ಕಳೆದುಕೊಂಡರೆ, ಬೀರುಗಳು ತುಂಬಿದ್ದರೂ ಸಂಗ್ರಹವು ಬರಿದಾಗುತ್ತದೆ. ಕಡಿದ ಕಾಡು ಮತ್ತೆ ಚಿಗುರೀತು. ತೆಗೆದ ಹರಳಿನ ಜಾಗದಲ್ಲಿ ಮನುಷ್ಯಕುಲದ ಕಾಲಮಾನದಲ್ಲಿ ಇನ್ನೊಂದು ಬೆಳೆಯುವುದಿಲ್ಲ. ಆದುದರಿಂದ ಇಲ್ಲಿ ಋಣವು ಹಿಂದಿನವರಿಗೆ ಸಲ್ಲುವಂತೆ ಮುಂದಿನವರಿಗೂ ಸಲ್ಲುತ್ತದೆ.

ಆ ಕಣಿವೆಯ ಹಸಿರು ಹರಳುಗಳಲ್ಲಿಯೇ ಒಂದು ಗುಣವುಂಟು. ಅವುಗಳ ನೀಲಕಾಂತಿಯು ಹೊರಗಣ ಬಿಸಿಲಿಗೆ ಹಿಡಿದಲ್ಲದೆ ಕಾಣುವುದಿಲ್ಲ. ಆದರೆ ದೀರ್ಘಕಾಲ ಬಿಸಿಲಿನಲ್ಲಿಯೇ ಬಿಟ್ಟರೆ ಹಸಿರು ಮಾಸುತ್ತದೆ. ಕತ್ತಲೆಯಲ್ಲಿ ಮುಚ್ಚಿಟ್ಟರೆ ಚೆಲುವು ಯಾರಿಗೂ ಇಲ್ಲ. ಮಿತಿಯಿಲ್ಲದೆ ಒಡ್ಡಿದರೆ ಚೆಲುವೇ ಇಲ್ಲ. ಕಾಯುವುದಕ್ಕೂ ತೋರಿ ಹಂಚುವುದಕ್ಕೂ ನಡುವಣ ಹದವನ್ನು ಅರಿತವನೇ ಆ ಕಲ್ಲನ್ನು ಇಟ್ಟುಕೊಳ್ಳಲು ಯೋಗ್ಯನು. ಅಂತಹವನು ಬೀರುವಿನ ಬಾಗಿಲನ್ನು ತೆಗೆದು ಬಂದವರಿಗೆ ಹರಳನ್ನು ತೋರಿಸುವಾಗ, ಇದನ್ನು ಇಂತಹ ಗಣಿಯಲ್ಲಿ ಒಬ್ಬನು ಬತ್ತಿಯ ಬೆಳಕಿನಲ್ಲಿ ಕಂಡು ಬಿಡಿಸಿದನು ಎಂದು ಮೊದಲು ಹೇಳಿ, ಅನಂತರ ಇದು ಈಗ ನನ್ನ ಬಳಿ ಇದೆ ಎಂದು ಹೇಳುತ್ತಾನೆ.